ಕ್ಷೇಮದ ಸಾಲು

ಪ್ರತಿ ತಿಂಗಳ ಒಂದನೆಯ ತಾರೀಖು ಬೆಳಿಗ್ಗೆ, ಮೊದಲ ಲೋಟ ಚಹಾ ಕೈಗೆ ಬಂದೊಡನೆ, ನಾನು ಮೊಬೈಲಿನಲ್ಲಿ ಒಂದು ಜಾಲತಾಣವನ್ನು ತೆರೆದು, ಅದರ ಅಡಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಮುದುಡಿಕೊಂಡಿರುವ ಒಂದೇ ಒಂದು ವಾಕ್ಯವನ್ನು ಓದುತ್ತೇನೆ. ಅನ್ಯರು ಆ ಹೊತ್ತಿಗೆ ಅಂಗೈ ನೋಡಿಕೊಳ್ಳುತ್ತಾರೆ, ದೇವರ ಪಟಕ್ಕೆ ಕೈಮುಗಿಯುತ್ತಾರೆ, ಇನ್ನೂ ಪುಣ್ಯವಂತರು ವಾಯುವಿಹಾರಕ್ಕೆ ಹೊರಟು ಕಾಳಿ ನದಿಯ ಮಂಜಿನಲ್ಲಿ ಮಾಯವಾಗುತ್ತಾರೆ. ನಾನು ಮಾತ್ರ ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನು ಮೂಗಿನ ತುದಿಗೆ ತಂದುಕೊಂಡು, ಯಾವ ದೇಶದವರೋ ಬರೆದ ಆ ವಾಕ್ಯ ಅಲ್ಲಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತೇನೆ. ಇಂಗ್ಲಿಷಿನಲ್ಲಿರುವ ಅದರ ತಾತ್ಪರ್ಯ ಇಷ್ಟೇ: ‘ಈ ದಿನದವರೆಗೆ ನಮಗೆ ಯಾವ ಗುಪ್ತ ಆದೇಶವೂ ಬಂದಿಲ್ಲ, ನಿಮ್ಮ ಬರಹವನ್ನು ನಾವು ಯಾರ ಕೈಗೂ ಕೊಟ್ಟಿಲ್ಲ.’ ಅದರ ಕೆಳಗೆ ಆ ದಿನದ ತಾರೀಖು. ಅದು ಇದ್ದರೆ ನೆಮ್ಮದಿಯಿಂದ ಚಹಾ ಕುಡಿಯುತ್ತೇನೆ. ಅಡುಗೆಮನೆಯಿಂದ ಹೆಂಡತಿ, ‘ಏನ್ರಿ, ನಿಮ್ಮ ಗುಬ್ಬಿ ಆರಾಮ ಐತೇನು?’ ಎಂದು ಕೇಳುತ್ತಾಳೆ. ‘ಆರಾಮ ಐತಿ’ ಎನ್ನುತ್ತೇನೆ.

ಗುಬ್ಬಿ ಎಂಬ ನಾಮಕರಣ ಅವಳದು. ಈ ಬಗೆಯ ವಾಕ್ಯಕ್ಕೆ ಜಾಲತಾಣದವರು ಕ್ಯಾನರಿ ಎಂಬ ಹಕ್ಕಿಯ ಹೆಸರಿಟ್ಟಿದ್ದಾರೆ ಎಂದು ನಾನು ಒಮ್ಮೆ ಅವಳಿಗೆ ಸವಿಸ್ತಾರವಾಗಿ ವಿವರಿಸಿದ್ದೆ. ನನ್ನ ಎಲ್ಲ ವಿವರಣೆಗಳಿಗೂ ಒದಗುವ ಗತಿಯೇ ಅದಕ್ಕೂ ಒದಗಿ, ಕೊನೆಗೆ ಅವಳ ನೆನಪಿನಲ್ಲಿ ಉಳಿದದ್ದು ಹಕ್ಕಿ ಒಂದೇ. ಹಿಂದಿನ ಕಾಲದಲ್ಲಿ ಗಣಿಗೆ ಇಳಿಯುವವರು ಆ ಪುಟ್ಟ ಹಕ್ಕಿಯನ್ನು ಪಂಜರದಲ್ಲಿ ಜೊತೆಗೆ ಒಯ್ಯುತ್ತಿದ್ದರಂತೆ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷಾನಿಲ ಸೋರಿದರೆ ಮನುಷ್ಯರಿಗಿಂತ ಮೊದಲು ಹಕ್ಕಿ ಒರಗುತ್ತಿತ್ತು. ಹಾಡು ನಿಂತಿತೆಂದರೆ ಮೇಲಕ್ಕೆ ಓಡಬೇಕು. ಹಕ್ಕಿ ಯಾರಿಗೂ ಏನನ್ನೂ ಹೇಳುವುದಿಲ್ಲ. ಹೇಳುತ್ತಿದ್ದದ್ದನ್ನು ನಿಲ್ಲಿಸುತ್ತದೆ, ಅಷ್ಟೆ.

ಜಾಲತಾಣದ ಉಪಾಯವೂ ಇದೇ. ಕೆಲವು ದೇಶಗಳಲ್ಲಿ ಸರಕಾರ ಇಂಥವರಿಗೆ ಒಂದು ಗುಪ್ತ ಆದೇಶ ಕಳಿಸಬಹುದಂತೆ: ‘ಇಂಥ ವ್ಯಕ್ತಿಯ ಕಾಗದಪತ್ರಗಳನ್ನು ನಮಗೆ ಒಪ್ಪಿಸಿ, ಒಪ್ಪಿಸಿದ್ದನ್ನು, ನಾವು ಕೇಳಿದ್ದನ್ನು, ಯಾರಿಗೂ ತಿಳಿಸಕೂಡದು.’ ತಾಣದ ಒಡೆಯನ ಬಾಯಿಗೆ ಬೀಗ ಬಿತ್ತು. ಆದರೆ ಅವನು ಜಾಣ; ಬೀಗ ಬೀಳುವ ಮೊದಲೇ, ಯಾವ ಆದೇಶವೂ ಬಾರದ ಸುಭಿಕ್ಷ ಕಾಲದಿಂದಲೇ, ‘ಬಂದಿಲ್ಲ, ಬಂದಿಲ್ಲ’ ಎಂದು ತಿಂಗಳು ತಿಂಗಳು ತಾರೀಖು ಹಾಕಿ ಬರೆಯುತ್ತ ಬಂದಿರುತ್ತಾನೆ. ಆದೇಶ ಬಂದ ತಿಂಗಳು ಬರೆಯುವುದಿಲ್ಲ. ಬಾಯಿ ಮುಚ್ಚಿಸಬಲ್ಲ ಅಧಿಕಾರ ಸುಳ್ಳು ಬರೆಸಲಾರದು ಎಂಬ ಒಂದು ಎಳೆ ನಂಬಿಕೆಯ ಮೇಲೆ ಈ ಇಡೀ ವ್ಯವಸ್ಥೆ ನೇತಾಡುತ್ತಿದೆ. ಇದು ನ್ಯಾಯಾಲಯದಲ್ಲಿ ಎಷ್ಟು ನಿಲ್ಲುತ್ತದೆಂಬುದನ್ನು ವಕೀಲರು ಬಲ್ಲರು. ಕೆಲವು ತಾಣಗಳು ಈ ವಾಕ್ಯವನ್ನು ಹೊಸದಾಗಿಸುವ ಕೆಲಸವನ್ನು ಯಂತ್ರಕ್ಕೇ ವಹಿಸಿಬಿಟ್ಟಿವೆ ಎಂದೂ ಓದಿದ್ದೇನೆ. ಅಲ್ಲಿ ಹಕ್ಕಿ ಸತ್ತ ಮೇಲೂ ಹಾಡು ಮುಂದುವರಿಯುತ್ತದೆ. ಆ ಯಂತ್ರದ ಬಗ್ಗೆ ನನಗೆ ಗೊತ್ತಿರುವಷ್ಟು ಅದನ್ನು ಮಾಡಿದವರಿಗೂ ಗೊತ್ತಿರಲಾರದು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇಷ್ಟು ಕೇಳಿದ ಮೇಲೆ, ಅಂಬೇವಾಡಿಯ ಒಬ್ಬ ನಿವೃತ್ತ ಗುಮಾಸ್ತನಲ್ಲಿ ಯಾವ ಸರಕಾರ ನಡುಗುವಂಥ ರಹಸ್ಯವಿದೆ ಎಂಬ ಸಂಶಯ ನಿಮಗೆ ಬರುವುದು ಸಹಜ. ನನ್ನ ರಹಸ್ಯವೆಂದರೆ ಅರ್ಧಕ್ಕೆ ನಿಂತ ಪ್ರಬಂಧಗಳು, ಪತ್ರಿಕೆಯವರು ವಿನಯಪೂರ್ವಕ ಮರಳಿಸಿದ ಪ್ರಬಂಧಗಳು, ಮತ್ತು ನಾನೇ ಯಾರಿಗೂ ಕಳಿಸದ ಒಂದು ಬರಹ. ಇವನ್ನೆಲ್ಲ ಆ ತಾಣದಲ್ಲಿ ಗುಪ್ತಲಿಪಿಯ ಕಪಾಟಿನಲ್ಲಿ ಇಟ್ಟಿದ್ದೇನೆ. ಮೊದಲೆರಡು ಬಗೆಯವನ್ನು ಯಾವ ಗೂಢಚಾರ ಓದಿದರೂ ನನಗೆ ಹೆಮ್ಮೆಯೇ. ಒಬ್ಬ ಓದುಗ ಹೆಚ್ಚಾದನಲ್ಲ. ಮೂರನೆಯದೊಂದು ಇದೆಯೆಂಬ ಕಾರಣಕ್ಕೆ ನಾನು ಒಂದನೆಯ ತಾರೀಖನ್ನು ಕಾಯುತ್ತೇನೆ. ಒಮ್ಮೆ ಜೋಯಿಡಾದ ಆಚೆ ಒಂದು ಮದುವೆಗೆ ಹೋದಾಗ ಒಂದನೆಯ ತಾರೀಖೇ ಬಿತ್ತು. ಸಿಗ್ನಲ್ಲಿಗಾಗಿ ಹೊಸ ಧೋತರ ಎತ್ತಿ ಹಿಡಿದುಕೊಂಡು ಗುಡ್ಡ ಹತ್ತಿ, ರಕ್ತ ಹೀರುವ ಉಂಬಳ ಕಚ್ಚಿಸಿಕೊಂಡು, ಒಂದು ಮರದ ಕೆಳಗೆ ಆ ವಾಕ್ಯದ ದರ್ಶನವನ್ನೇನೋ ಪಡೆದೆ, ಮುಹೂರ್ತ ತಪ್ಪಿಸಿಕೊಂಡೆ. ಆ ಮರದ ಪೊಟರೆಯಲ್ಲಿ ಮಂಗಟ್ಟೆಯ ಗೂಡಿತ್ತು. ಹೆಣ್ಣು ಹಕ್ಕಿ ಬಾಗಿಲು ಮುಚ್ಚಿಕೊಂಡು ಒಳಗೆ ಕೂತಿರುತ್ತದೆ, ಸೀಳುಗಂಡಿಯಲ್ಲಿ ಕೊಕ್ಕು ಮಾತ್ರ ಹೊರಗೆ. ಗಂಡು ಹೊತ್ತು ಹೊತ್ತಿಗೆ ಹಣ್ಣು ತಂದು ಕೊಡುತ್ತದೆ. ಗಂಡು ಬಾರದ ದಿನ ಒಳಗಿದ್ದವಳಿಗೆ ಯಾರೂ ಸುದ್ದಿ ಹೇಳಬೇಕಾಗಿಲ್ಲ. ಆಗ ನನಗೆ ಹಳೆಯ ಚಾಳಿನ ಗಂಗಕ್ಕನ ಮಗಳು ನೆನಪಾಗಿದ್ದಳು. ನೆನಪಾದದ್ದೇ ತಡ, ಲಗುಬಗೆಯಿಂದ ಗುಡ್ಡವಿಳಿದು ಊಟದ ಪಂಕ್ತಿಯಲ್ಲಿ ಕೂತುಬಿಟ್ಟೆ. ನೆನಪುಗಳಿಂದ ಎದ್ದು ಊಟಕ್ಕೆ ಹೋಗುವ ಕಲೆಯಲ್ಲಿ ನಾನು ಪಾರಂಗತ.

ಎರಡು ತಿಂಗಳ ಹಿಂದೆ, ಮಳೆ ಹಿಡಿದ ಒಂದು ಒಂದನೆಯ ತಾರೀಖು, ವಾಕ್ಯದ ಕೆಳಗೆ ಹಳೆಯ ತಾರೀಖೇ ಇತ್ತು. ಮರೆತಿರಬಹುದು ಎಂದುಕೊಂಡೆ. ಎರಡನೆಯ ತಾರೀಖು, ಐದನೆಯ ತಾರೀಖು, ಹಾಗೆಯೇ ಇತ್ತು. ಹತ್ತನೆಯ ದಿನ ವಾಕ್ಯವೇ ಇರಲಿಲ್ಲ. ಉಳಿದದ್ದೆಲ್ಲ ಯಥಾಪ್ರಕಾರ: ಅದೇ ಬಣ್ಣ, ಅದೇ ಸ್ವಾಗತ, ಅದೇ ನಗುಮುಖದ ಚಿತ್ರ. ನಾನು ಒಂದು ಕಾಗದ ಬರೆದು ಕೇಳಿದೆ. ಅತ್ಯಂತ ಸೌಜನ್ಯದ ಉತ್ತರ ಬಂತು. ತಮ್ಮ ಸೇವೆಯನ್ನು ಬಳಸುತ್ತಿರುವುದಕ್ಕೆ ಧನ್ಯವಾದ, ಹೊಸ ಸೌಲಭ್ಯಗಳ ವಿವರ, ಮತ್ತಿನ್ನೇನಾದರೂ ಬೇಕೇ ಎಂಬ ವಿಚಾರಣೆ. ನಾನು ಕೇಳಿದ ಒಂದೇ ಮಾತಿಗೆ ಉತ್ತರವಿರಲಿಲ್ಲ. ಉತ್ತರವಿಲ್ಲದ್ದೇ ಉತ್ತರವೆಂದು ತಿಳಿಯದಷ್ಟು ಮೂಢ ನಾನಲ್ಲ. ಒಂದು ಕಾಲಕ್ಕೆ ಆಗಿದ್ದೆ.

ಆ ಕಾಲದಲ್ಲಿ ನಾನು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಗುಮಾಸ್ತ. ಧಾರವಾಡ ಬೆಳಗಾವಿ ಕಡೆಯಿಂದ ದುಡಿಯಲು ಬಂದವರಿಂದ ತುಂಬಿದ್ದ ನಮ್ಮ ಚಾಳಿನಲ್ಲಿ ಜಗತ್ತಿಗೇ ಬೇಕಾದಷ್ಟು ಕಾಗದ ಮಾಡುವವರಿದ್ದರು, ಒಂದು ಕಾಗದ ಓದಬಲ್ಲವರು ಕಡಿಮೆ. ಹೀಗಾಗಿ ರವಿವಾರ ಬೆಳಿಗ್ಗೆ ನನ್ನ ಮನೆಯ ಕಟ್ಟೆ ಒಂದು ಸಣ್ಣ ದರಬಾರಾಗುತ್ತಿತ್ತು. ಜನ ವಾರದ ಕಾರ್ಡುಗಳನ್ನು ಹಿಡಿದು ಬರುತ್ತಿದ್ದರು, ನಾನು ಓದುತ್ತಿದ್ದೆ. ಬರೀ ಓದುತ್ತಿದ್ದೆನೆಂದರೆ ಆತ್ಮನಿಂದೆಯಾದೀತು. ನಾನು ಕಾಗದಗಳನ್ನು ಅಲಂಕರಿಸುತ್ತಿದ್ದೆ. ‘ಎಲ್ಲಾರೂ ಛಲೋ ಅದೀವಿ’ ಎಂದು ಬಡವರೊಬ್ಬರು ಬರೆಸಿದ್ದು ನನ್ನ ಬಾಯಲ್ಲಿ ‘ಶ್ರೀ ಶಿವನ ಕೃಪಾಕಟಾಕ್ಷದಿಂದ ಇತ್ತ ನಾವೆಲ್ಲರೂ ಸುಕ್ಷೇಮದಿಂದಿದ್ದು, ತಮ್ಮೆಲ್ಲರ ಕ್ಷೇಮವನ್ನು ಅಹರ್ನಿಶಿ ಹಾರೈಸುತ್ತೇವೆ’ ಎಂದಾಗುತ್ತಿತ್ತು. ಕೇಳಿದವರ ಮುಖ ಅರಳುತ್ತಿತ್ತು. ನನ್ನ ಸಾಹಿತ್ಯಕೃಷಿಯ ಮೊದಲ ಬೆಳೆ ಅದು. ಅವರಷ್ಟು ಧಾರಾಳದ ಓದುಗರನ್ನು ಮುಂದೆ ಯಾವ ಪತ್ರಿಕೆಯೂ ನನಗೆ ಕೊಡಲಿಲ್ಲ.

ಈ ಅಲಂಕಾರಕ್ಕೆ ಬರೀ ಚಪಲ ಕಾರಣವಲ್ಲ, ಒಂದು ಕೆಲಸಗಾರಿಕೆಯೂ ಇತ್ತು. ಓದಿ ಹೇಳುವವನಿಗೆ ಕಾಗದದಲ್ಲಿ ಮುಂದೇನಿದೆ ಎಂಬುದು ಕೇಳುವವರಿಗಿಂತ ಮೊದಲು ತಿಳಿಯಬೇಕು. ಸಾವಿದ್ದರೆ ದನಿ ತಗ್ಗಿಸಬೇಕು, ಗಂಡಸಾದರೆ ಕೂಡ್ರಿಸಬೇಕು, ಹೆಂಗಸಾದರೆ ನನ್ನ ಹೆಂಡತಿಯನ್ನು ಹೊರಗೆ ಕರೆಯಬೇಕು. ಅದಕ್ಕಾಗಿ ಬಾಯಿ ಕ್ಷೇಮದ ಸಾಲನ್ನು ಒಪ್ಪಿಸುತ್ತಿರುವಾಗ ಕಣ್ಣು ಕೆಳಗಿನ ಸಾಲುಗಳಿಗೆ ಓಡಿ, ಕೆಟ್ಟ ಸುದ್ದಿ ಎಲ್ಲಾದರೂ ಅಡಗಿದೆಯೇ ಎಂದು ಹುಡುಕಿಕೊಂಡು ಬರುತ್ತಿತ್ತು. ಎಲ್ಲ ಕಾಗದಗಳೂ ಕ್ಷೇಮದಿಂದಲೇ ಆರಂಭವಾಗುವುದರಿಂದ ಆ ಸಾಲನ್ನು ನೋಡಿ ಓದುವ ಅಗತ್ಯವೇ ಇರಲಿಲ್ಲ. ಎಷ್ಟು ಉದ್ದ ಹೇಳಿದರೆ ಅಷ್ಟು ಸಮಯ ಕಣ್ಣಿಗೆ. ಈ ಯುಕ್ತಿಯನ್ನು ನಾನೇ ಕಂಡುಹಿಡಿದೆನೆಂದು ಬೀಗುತ್ತಿದ್ದೆ.

ಗಂಗಕ್ಕ ನನ್ನ ಶ್ರೋತೃಗಳಲ್ಲಿ ಒಬ್ಬಳು. ಗಂಡ ತೀರಿಕೊಂಡಿದ್ದ. ಕಾರ್ಖಾನೆಯಲ್ಲಿ ಅವಳ ಕೆಲಸ ಹಾಳೆ ಆರಿಸುವುದು. ಕತ್ತರಿಸಿ ಬಂದ ಖಾಲಿ ಹಾಳೆಗಳನ್ನು ಬೆರಳಲ್ಲಿ ಸರಸರನೆ ಮಗುಚುತ್ತ, ಮಡಿಕೆಯೋ ತೂತೋ ಚುಕ್ಕೆಯೋ ಇದ್ದದ್ದನ್ನು ಎಳೆದು ಬಿಸಾಡಬೇಕು. ಅವಳು ಕಣ್ಣಿನಿಂದ ನೋಡುತ್ತಿರಲಿಲ್ಲ, ಬೆರಳೇ ಹಿಡಿಯುತ್ತಿತ್ತು. ಏನೂ ಬರೆಯದ ಹಾಳೆಯಲ್ಲಿ ತಪ್ಪು ಕಾಣುವ ಹೆಂಗಸು, ಬರೆದ ಹಾಳೆಯನ್ನು ನನ್ನ ಕೈಯಲ್ಲಿ ಕೊಟ್ಟು ಎದುರಿಗೆ ಕೂಡುತ್ತಿದ್ದಳು. ಒಬ್ಬಳೇ ಮಗಳು ನೀಲವ್ವ. ಏಳನೆಯ ಇಯತ್ತೆ ಓದಿದವಳು, ಮುಂಡಗೋಡ ತಾಲೂಕಿನಲ್ಲಿ ಇಂದೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ತಿಂಗಳಿಗೊಮ್ಮೆ ಅವಳ ಕಾರ್ಡು ಬರುತ್ತಿತ್ತು, ದುಂಡಗಿನ ಶಾಲೆಯ ಅಕ್ಷರ.

ಗಂಗಕ್ಕನ ಮೇಲೆ ನನಗೊಂದು ಮುನಿಸಿತ್ತು. ಉಳಿದವರು ಕಾರ್ಡಿನ ವಿಳಾಸದವರೆಗೂ ಕೇಳಿ, ಎರಡನೆಯ ಸಲ ಓದಿಸಿಕೊಂಡು ಹೋಗುತ್ತಿದ್ದರೆ, ಇವಳು ಕ್ಷೇಮದ ಸಾಲು ಮುಗಿಯುತ್ತಲೇ ಎದ್ದು ನಿಲ್ಲುತ್ತಿದ್ದಳು. ‘ಸಾಕ್ರಿ ಸಾಹೇಬ್ರ, ಇಷ್ಟ ಸಾಕು.’ ಮಳೆಯ ವಿಷಯ, ಗೋವಿನಜೋಳದ ವಿಷಯ, ಎಮ್ಮೆ ಕರು ಹಾಕಿದ ವಿಷಯ, ಯಾವುದೂ ಬೇಡ. ನಾನು ಒತ್ತಾಯಿಸಿದರೆ ನಿಂತುಕೊಂಡೇ ಕೇಳುತ್ತಿದ್ದಳು, ಮನಸ್ಸು ಬೇರೆಲ್ಲೋ. ಕಲಾವಿದನಿಗೆ ಇದಕ್ಕಿಂತ ಅವಮಾನವಿದೆಯೇ? ಅವಳನ್ನು ಹಿಡಿದು ಕೂಡ್ರಿಸಲೆಂದೇ ನಾನು ಅವಳ ಪಾಲಿನ ಕ್ಷೇಮದ ಸಾಲನ್ನು ಇನ್ನಷ್ಟು ಹಿಗ್ಗಿಸಿದೆ. ‘ನಿನ್ನ ಮುದ್ದಿನ ಮಗಳಾದ ನಾನು ಪರಶಿವನ ದಯದಿಂದ ಸರ್ವಪ್ರಕಾರದಿಂದಲೂ ಸುಕ್ಷೇಮಿಯಾಗಿದ್ದು’ ಎಂದು ಏರುದನಿಯಲ್ಲಿ ಶುರುಮಾಡಿದರೆ ಅವಳ ಮುಖದಲ್ಲಿ ಒಂದು ಬೆಳಕು ಮೂಡುತ್ತಿತ್ತು. ಅದು ನನ್ನ ಭಾಷೆಗೆ ಸಂದ ಗೌರವ ಎಂದೇ ನಾನು ತಿಳಿದೆ.

ಆ ವರ್ಷದ ಚಳಿಗಾಲಕ್ಕೆ ಮುನ್ನ ನಾನೂ ಹೆಂಡತಿಯೂ ಮುಂಡಗೋಡದ ಟಿಬೆಟನ್ ಕಾಲೊನಿಗೆ ಸ್ವೆಟರ್ ಕೊಳ್ಳಲು ಹೋದೆವು. ಹೋಗುವಾಗ ಬಸ್ಸು ಇಂದೂರಿನಲ್ಲಿ ಎಷ್ಟೋ ಹೊತ್ತು ನಿಂತಿತು. ಹೆಂಡತಿ, ‘ಇಲ್ಲೇ ಅಲ್ಲೇನ್ರಿ ಗಂಗಕ್ಕನ ನೀಲಾನ ಮನಿ? ಇಳದು ಮಾತಾಡಿಸ್ಕೊಂಡ ಹೋಗೂಣು’ ಎಂದಳು. ‘ಈಗರ ಕಾರ್ಡ್ ಬಂದೈತಿ, ಆರಾಮ ಅದಾಳ. ನಾನ ಓದೇನಲ್ಲ’ ಎಂದೆ. ಬಸ್ಸು ಹೊರಟಿತು. ಕಾಲೊನಿಯಲ್ಲಿ ನಾನು ಆರಿಸಿಕೊಂಡ ಸ್ವೆಟರಿನ ಬಣ್ಣ ಇಂದಿಗೂ ನೆನಪಿದೆ. ಮೆಂತ್ಯದ ಸೊಪ್ಪಿನ ಹಸಿರು. ಅದನ್ನು ನಾನು ಎರಡು ಸಲಕ್ಕಿಂತ ಹೆಚ್ಚು ಹಾಕಿಕೊಂಡಿಲ್ಲ.

ಹದಿನೈದು ದಿನಕ್ಕೆ ಸುದ್ದಿ ಬಂತು. ನೀಲವ್ವ ಬಾವಿಗೆ ಬಿದ್ದಿದ್ದಳು. ನೀರು ಸೇದುವಾಗ ಕಾಲು ಜಾರಿತು ಎಂದು ಗಂಡನ ಮನೆಯವರು ಹೇಳಿದರು. ಮಣ್ಣು ಮಾಡುವ ಹೊತ್ತಿಗೆ ಮಗಳ ಮೈಮೇಲೆ ಹಳೆಯ ಬಾಸುಂಡೆಗಳನ್ನು ಗಂಗಕ್ಕ ಕಂಡಿದ್ದಳು. ನೀರಲ್ಲಿ ಬಿದ್ದಾಗ ಆದವಲ್ಲ ಎಂದು ಅವಳ ಬೆರಳಿಗೆ ತಿಳಿದಿತ್ತು.

ಮುಂದಿನ ರವಿವಾರ ಅವಳು ನನ್ನ ಕಟ್ಟೆಗೆ ಬಂದಳು. ಉಳಿದವರು ಎದ್ದು ಹೋಗುವವರೆಗೆ ಕಾದು, ಸೀರೆಯ ಸೆರಗಿನ ಗಂಟು ಬಿಚ್ಚಿ ಒಂಬತ್ತು ಕಾರ್ಡುಗಳನ್ನು ನನ್ನ ಮುಂದಿಟ್ಟಳು. ಅಳಲಿಲ್ಲ. ತಾಯಿ ಮಗಳ ನಡುವಿನ ಒಂದು ಒಪ್ಪಂದವನ್ನು ಆಗ ನನಗೆ ಹೇಳಿದಳು. ನೀಲವ್ವ ಬರೆದ ಕಾರ್ಡನ್ನು ಮೈದುನ ಓದಿಯೇ ಅಂಚೆಗೆ ಹಾಕುವುದು ಆ ಮನೆಯ ಕಟ್ಟಳೆ. ಕಷ್ಟ ಬರೆಯುವಂತಿಲ್ಲ. ಆದ್ದರಿಂದ ಮೊದಲ ಸಲ ತವರಿಗೆ ಬಂದು ಮರಳುವಾಗ ಮಗಳೇ ಉಪಾಯ ಹೇಳಿದ್ದಳು.

‘ಎಲ್ಲಾರೂ ಬರಿಯೂದು ಅದೊಂದ ಸಾಲ ಐತಲ್ಲವ್ವಾ, ನಾನು ಕ್ಷೇಮ ಅಂತ, ಅದನ್ನ ನಾ ಸುಳ್ಳ ಬರಿಯಂಗಿಲ್ಲ ಅಂದಿದ್ಳ್ರಿ. ಆರಾಮ ಇದ್ರಷ್ಟ ಬರೀತೇನಿ, ಇಲ್ಲಂದ್ರ ಬಿಟ್ಟಬಿಡ್ತೇನಿ. ಬಿಟ್ಟದ್ದ ಯಾರಿಗೂ ಕಾಣಂಗಿಲ್ಲ, ನೀ ಬಂದು ಕರ್ಕೊಂಡ ಹೋಗು ಅಂದಿದ್ಳು. ಅದಕ್ಕ ನಾ ಅಷ್ಟ ಕೇಳಿ ಏಳ್ತಿದ್ದೆ. ಈಗ ಎಲ್ಲಾ ಕಾರ್ಡಿಂದೂ ಮೊದಲನೇ ಸಾಲ ಇನ್ನೊಮ್ಮೆ ಓದ್ರಿ ಸಾಹೇಬ್ರ. ಅದೊಂದ ಸಾಲ.’

ಮೊದಲನೆಯ ಕಾರ್ಡು ತೆಗೆದೆ. ‘ಅವ್ವಗೆ ನೀಲವ್ವನ ನಮಸ್ಕಾರ. ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು.’ ಇತ್ತು. ಎರಡನೆಯದರಲ್ಲಿ ಇತ್ತು. ಐದನೆಯದರವರೆಗೆ ಇತ್ತು. ಆರನೆಯದರಲ್ಲಿ ನಮಸ್ಕಾರದ ನಂತರ ನೇರವಾಗಿ, ‘ಮಳಿ ಬಾಳ ಆಗೈತಿ.’ ಏಳನೆಯದರಲ್ಲಿ, ‘ಎಮ್ಮಿ ಕರ ಹಾಕೈತಿ.’ ಎಂಟು, ಒಂಬತ್ತು, ಹಾಗೆಯೇ. ನಾಲ್ಕು ತಿಂಗಳು ಆ ಹುಡುಗಿ ತನ್ನ ಒಂದೇ ಒಂದು ಮಾತನ್ನು ಬರೆಯದೆ ಬಿಟ್ಟು ಕಿರುಚಿದ್ದಳು. ನಾಲ್ಕು ತಿಂಗಳು ನಾನು ಆ ಖಾಲಿ ಜಾಗದಲ್ಲಿ ಪರಶಿವನ ದಯೆಯನ್ನೂ ಸುಕ್ಷೇಮವನ್ನೂ ನನ್ನ ಕೈಯಾರೆ ತುಂಬಿ, ತಾಯಿಯನ್ನು ನೆಮ್ಮದಿಯಿಂದ ಮನೆಗೆ ಕಳಿಸಿದ್ದೆ. ಕೆಟ್ಟ ಸುದ್ದಿಯನ್ನು ಹುಡುಕುತ್ತಲೇ ಅದರ ಮೇಲೆ ಹೊದಿಕೆ ಹೊದಿಸಿದ್ದೆ.

ಎದುರಿಗೆ ಗಂಗಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಆರನೆಯ ಕಾರ್ಡನ್ನು ಹಿಡಿದು ನಾನು, ‘ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು’ ಎಂದೆ. ಏಳನೆಯದಕ್ಕೂ ಹಾಗೆಯೇ ಅಂದೆ. ಒಂಬತ್ತನೆಯದಕ್ಕೂ ಅಂದೆ. ಅಲ್ಲಿಯವರೆಗೆ ಅಭ್ಯಾಸಬಲದಿಂದ, ಆ ತಾಣಗಳ ಯಂತ್ರದಂತೆ, ಬಾಯಿ ಹೇಳಿತ್ತು. ಆ ದಿನ ನಾನು ಹೇಳಿದೆ. ಹೆದರಿ ಹೇಳಿದೆ. ಇದಕ್ಕಿಂತ ಮರ್ಯಾದೆಯ ಶಬ್ದ ನನ್ನ ಪದಕೋಶದಲ್ಲಿ ಎಷ್ಟು ಹುಡುಕಿದರೂ ಸಿಕ್ಕಿಲ್ಲ.

‘ಹಂಗಾರ ನನ್ನ ಮಗಳು ನನಗ ಸುಳ್ಳ ಬರದ್ಳು’ ಎಂದು ಗಂಗಕ್ಕ ಕಾರ್ಡುಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

ಆಮೇಲೆ ಅವಳು ಹಳಿಯಾಳದಲ್ಲಿ ತಮ್ಮನ ಮನೆಯಲ್ಲಿ ಏಳೆಂಟು ತಿಂಗಳು ಇದ್ದು ಬಂದಳು. ಬಂದ ಮೇಲೆ ಎಂದಿನಂತೆ ತನ್ನ ಕಾಗದಗಳನ್ನು ನನ್ನ ಹತ್ತಿರವೇ ತರತೊಡಗಿದಳು: ಆಸ್ಪತ್ರೆಯ ಚೀಟಿ, ರೇಷನ್ ಅಂಗಡಿಯ ನೋಟಿಸು, ಯಾರದೋ ಮದುವೆಯ ಕರೆಯೋಲೆ. ನಾನು ಇದ್ದದ್ದನ್ನು ಇದ್ದ ಹಾಗೆ, ಒಂದು ಅಕ್ಷರ ಕೂಡಿಸದೆ, ಬೆರಳಿಟ್ಟುಕೊಂಡು ಓದುತ್ತಿದ್ದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹೀಗೆ ನಡೆಯಿತು. ನಾನು ಅಂಬೇವಾಡಿಗೆ ಬಂದು ಮನೆ ಮಾಡಿದೆ, ಅವಳು ಹಳೆ ದಾಂಡೇಲಿಯಲ್ಲಿ ತಮ್ಮನ ಮಗನ ಜೊತೆ ಉಳಿದಳು. ನಿವೃತ್ತಿಯಾದ ಮೇಲೆ ರವಿವಾರ ನಾನೇ ಅವಳಲ್ಲಿಗೆ ಹೋಗುತ್ತೇನೆ. ‘ಆರಾಮ ಏನ ಗಂಗಕ್ಕ?’ ಎನ್ನುತ್ತೇನೆ. ‘ಬರ್ರಿ ಸಾಹೇಬ್ರ, ಕೂಡ್ರಿ’ ಎನ್ನುತ್ತಾಳೆ. ಮನೆಗೆ ಬಂದು ಹೆಂಡತಿಗೆ, ‘ಗಂಗಕ್ಕ ಆರಾಮ ಅದಾಳ’ ಎನ್ನುತ್ತೇನೆ. ಪ್ರತಿ ರವಿವಾರ ಹೇಳಬೇಕೆಂದುಕೊಂಡು ಹೋಗಿ, ಹೇಳದೆ ಬರುತ್ತೇನೆ. ಹೇಳಲಾರದ್ದನ್ನು ಬರೆದು ಆ ದೂರದ ದೇಶದ ಕಪಾಟಿನಲ್ಲಿ ಇಟ್ಟಿದ್ದೇನೆ. ಅದೇ ನಾನು ಯಾರಿಗೂ ಕಳಿಸದ ಬರಹ. ಮಗಳು ತನಗೆ ಸುಳ್ಳು ಬರೆದಳೆಂದು ನಂಬಿಕೊಂಡೇ ಆ ತಾಯಿ ಕಣ್ಣು ಮುಚ್ಚಿದರೆ, ನೀಲವ್ವನನ್ನು ಎರಡನೆಯ ಸಲ ಬಾವಿಗೆ ನೂಕಿದವನು ನಾನೇ ಆಗುತ್ತೇನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಚಹಾ ಕುಡಿದು ಎದ್ದು ಬರುತ್ತಿದ್ದೆ.

ಹಕ್ಕಿ ಸುಮ್ಮನಾದ ಮೇಲೆ ನನಗೆ ಕೂಡಲಾಗಲಿಲ್ಲ. ಯಾವುದೋ ಕಚೇರಿಯಲ್ಲಿ ಯಾರೋ ಅಪರಿಚಿತ, ಎಲ್ಲರ ಬರಹದ ನಡುವೆ ನನ್ನದನ್ನೂ ತೆರೆದು, ಕನ್ನಡ ಬಲ್ಲವನನ್ನು ಕರೆಸಿ ಓದಿಸುತ್ತಿರಬಹುದು ಎಂಬುದು ಎಷ್ಟು ಹಾಸ್ಯಾಸ್ಪದ ಕಲ್ಪನೆಯೆಂದು ನನಗೂ ಗೊತ್ತು. ಆದರೂ, ಗಂಗಕ್ಕನಿಗಿಂತ ಮೊದಲು ಬೇರೊಬ್ಬರಿಗೆ ಅದು ತಿಳಿಯಬಾರದೆನಿಸಿತು. ನನ್ನ ಜೀವಮಾನದಲ್ಲಿ ಒಂದು ಖಾಲಿ ಜಾಗವನ್ನು ನಾನು ಸರಿಯಾಗಿ ಓದಿದ್ದು ಅದೇ ಮೊದಲು.

ಹೋದ ರವಿವಾರ ಹೋದೆ. ಗಂಗಕ್ಕ ಒಳಪಡಸಾಲೆಯಲ್ಲಿ ಕಾಲು ಚಾಚಿ ಅಕ್ಕಿ ಆರಿಸುತ್ತಿದ್ದಳು. ಎಂಬತ್ತರ ಹತ್ತಿರ, ಕಣ್ಣು ಮಂಜಾಗಿದೆ, ಬೆರಳು ಮಂಜಾಗಿಲ್ಲ. ಆ ಕಾರ್ಡುಗಳನ್ನು ತರಲು ಹೇಳಿದೆ. ತಂದು, ನನ್ನ ಕೈಗೆ ಕೊಡದೆ ತನ್ನ ತೊಡೆಯ ಮೇಲೇ ಇಟ್ಟುಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ಟು ಬಿಚ್ಚಿ, ಆರನೆಯ ಕಾರ್ಡನ್ನು ಎಳೆದು, ಅಕ್ಷರಗಳ ಮೇಲೆ ಬೆರಳಾಡಿಸುತ್ತ ತಾನೇ ಓದಿದಳು.

‘ಅವ್ವಗೆ ನೀಲವ್ವನ ನಮಸ್ಕಾರ. ಮಳಿ ಬಾಳ ಆಗೈತಿ.’

ಹಳಿಯಾಳದಲ್ಲಿದ್ದ ಆ ಏಳೆಂಟು ತಿಂಗಳು ಅವಳು ದಿನಾ ಸಂಜೆ ಗುಡಿಯ ಕಟ್ಟೆಯ ಮೇಲೆ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿಗೆ ಹೋಗಿದ್ದಳು. ಮಗಳು ಯಾಕೆ ಸುಳ್ಳು ಬರೆದಳು ಎಂದು ಆ ಕಾರ್ಡುಗಳಿಂದಲೇ ಕೇಳಿ ತಿಳಿಯಬೇಕಾಗಿತ್ತಂತೆ. ತಿಳಿದುಕೊಂಡು ಬಂದಿದ್ದಳು. ಅಂದರೆ ನಾನು ಓದಿ ಹೇಳಿದ ಮೂವತ್ತು ವರ್ಷಗಳ ಚೀಟಿ, ನೋಟಿಸು, ಕರೆಯೋಲೆ ಎಲ್ಲವನ್ನೂ ಅವಳು ಮನೆಯಲ್ಲಿ ಓದಿಕೊಂಡೇ ತರುತ್ತಿದ್ದಳು.

‘ಮತ್ತ ನನ್ನ ಕಡೆ ಯಾಕ ತರ್ತಿದ್ದಿ ಗಂಗಕ್ಕ?’ ಎಂದೆ.

‘ಇದ್ದದ್ದ ಓದ್ತೀರೋ ಇಲ್ಲೋ ನೋಡಾಕ. ಓದಿದ್ರಿ. ಒಂದಕ್ಷರ ಕೂಡಿಸಲಿಲ್ಲ. ಮೊದಲ ಎಷ್ಟ ಚೆಂದ ಚೆಂದ ಕೂಡಿಸಿ ಓದ್ತಿದ್ರಿ, ಒಮ್ಮಿಗೇ ಎಲ್ಲಾ ಬಿಟ್ಟ್ರಿ. ಅವಾಗ ಗೊತ್ತಾತು, ನೀವೂ ಅದನ್ನ ನೋಡೀರಿ ಅಂತ.’

‘ಒಂದ ಮಾತ ಕೇಳಬಾರದಿತ್ತ?’

ಅವಳು ಅಕ್ಕಿಯ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. ‘ಕೇಳಿದ್ರ ಹೇಳ್ತಿದ್ರಿ ಸಾಹೇಬ್ರ. ಕೇಳದನ ಹೇಳ್ಬೇಕಿತ್ತು.’ ಆಮೇಲೆ ಒಳಗೆ ಮುಖ ಮಾಡಿ ನನಗೆ ಚಹಾ ತರಲು ಹೇಳಿದಳು. ಚಹಾ ಬಂತು. ನಾನು ಕುಡಿದೆ. ಕ್ಷಮಿಸು ಎಂಬ ಮಾತು ಬಾಯಿಗೆ ಬಂದಾಗ, ಅದೂ ನನ್ನ ಕ್ಷೇಮದ ಸಾಲಿನ ಹಾಗೆಯೇ ಬಾಯಿಪಾಠವಾದದ್ದು ಎನಿಸಿ ನುಂಗಿಕೊಂಡೆ. ಅದನ್ನು ಅವಳು ಎದುರು ನೋಡಿದಂತೆಯೂ ಇರಲಿಲ್ಲ.

ದಾರಿಯಲ್ಲಿ ಬರುವಾಗ, ಸೇತುವೆಯ ಹತ್ತಿರ, ಇನ್ನೊಂದು ವಿಷಯ ಹೊಳೆದು ನಿಂತುಬಿಟ್ಟೆ. ಇಷ್ಟು ವರ್ಷಗಳಲ್ಲಿ ನಾನು ಎಷ್ಟು ನೂರು ಸಲ ‘ಆರಾಮ ಏನ’ ಎಂದು ಕೇಳಿದ್ದೇನೆ. ಬರ್ರಿ, ಕೂಡ್ರಿ, ಚಾ ಕುಡೀರಿ, ಮಳಿ ಹೆಂಗೈತಿ ನೋಡ್ರಿ, ಇವೆಲ್ಲ ಅವಳ ಬಾಯಿಂದ ಬಂದಿವೆ. ‘ಆರಾಮ ಅದೇನಿ’ ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ಆ ಮಾತನ್ನು ಪ್ರತಿ ರವಿವಾರ ನಾನೇ ದಾರಿಯಲ್ಲಿ ಕೂಡಿಸಿಕೊಂಡು ಮನೆಗೆ ಒಯ್ದಿದ್ದೆ. ಮಗಳಂತೆ ತಾಯಿಯೂ ಸುಳ್ಳು ಹೇಳುವವಳಲ್ಲ. ನಾನೂ ನನ್ನಂತೆಯೇ ಉಳಿದಿದ್ದೆ. ಇದಕ್ಕೆ ಈಗ ಏನು ಮಾಡಬಹುದೆಂದು ನನ್ನನ್ನು ಕೇಳಬೇಡಿ. ಮಾಡುವುದಕ್ಕೆ ಏನೂ ಉಳಿದಿಲ್ಲ. ಲಲಿತವಾಗಿ ಮುಗಿಸಬೇಕಾದ ಬರಹವನ್ನು ಹೀಗೆ ಮುಗಿಸುತ್ತಿರುವುದಕ್ಕೆ ಸಂಕೋಚವಿದೆ, ಆದರೆ ಒಂದು ಸಾಂತ್ವನದ ಸಾಲನ್ನು ಹೊಂದಿಸಿ ಕೊಡುವ ಕೈ ನನ್ನದಾದ್ದರಿಂದಲೇ ಅದನ್ನು ನಾನು ಬರೆಯಕೂಡದು.

ಇವತ್ತು ಒಂದನೆಯ ತಾರೀಖು. ಚಹಾ ಬಂತು. ತಾಣವನ್ನು ತೆರೆದು, ಪುಟದ ತಳಕ್ಕೆ ಹೋಗಿ, ವಾಕ್ಯವಿದ್ದ ಜಾಗವನ್ನು ಬಹಳ ಹೊತ್ತು ನೋಡಿದೆ. ಬೆಳ್ಳಗಿತ್ತು. ಬೆರಳಿಟ್ಟು ನೋಡಿದೆ, ಗಾಜು ಮಾತ್ರ ತಣ್ಣಗೆ ತಾಗಿತು.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ‘ಏನ್ರಿ, ಎರಡ ತಿಂಗಳಾತು ಗುಬ್ಬಿ ಸುದ್ದೀನ ಇಲ್ಲ. ಆರಾಮ ಅದೀರಿಲ್ಲೋ ನೀವು?’

‘ಚಾಕ್ಕ ಸಕ್ರಿ ಕಡಿಮಿ ಆಗೈತಿ ನೋಡು’ ಎಂದೆ.

ಅವಳು ಸಕ್ಕರೆಯ ಡಬ್ಬಿ ತಂದಿಟ್ಟು ಒಳಗೆ ಹೋದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು, ಹಳಿಯಾಳದಲ್ಲಿರುವ ಅವಳ ತಂಗಿ. ಮಗ್ಗುಲ ಕೋಣೆಯಿಂದ ಅವಳು ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು: ‘ಹೂಂನವಾ, ನಾವೆಲ್ಲಾ ಆರಾಮ. ಇವರಾ? ಇವರೂ ಆರಾಮ ಅದಾರ. ಈಗರ ಕೇಳೇನಲ್ಲ.’